ಒಂದೇ ಗೆರೆ ಎಳೆಯಬೇಕು

ಮಾರ್ಚ್ 3, ಸೋಮವಾರ

ಇವತ್ತು ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ನೆಲಕ್ಕೆ ಸ್ಪಿರಿಟ್ಟು ಕುಡಿಸಲು ಶುರು ಮಾಡಿದೆವು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕೆಟ್ಟ ಮಣ್ಣನ್ನು ಅಗೆಸಿದ್ದೇನೆ, ಲಾರಿಗಟ್ಟಲೆ ಹೊರಿಸಿದ್ದೇನೆ. ಮಣ್ಣನ್ನು ಇದ್ದಲ್ಲೇ ಬಿಟ್ಟು ತೊಳೆಯುವುದು ಇದೇ ಮೊದಲು. ಸೈಟಿನ ದಾಖಲೆ ಪುಸ್ತಕಕ್ಕೆ ಬರೆಯಬೇಕಾದದ್ದನ್ನೆಲ್ಲ ಅಲ್ಲೇ ಬರೆದು ಬಂದೆ. ಅದಕ್ಕೆ ನೂರೆಂಟು ಕಟ್ಟಳೆ. ಪುಟಕ್ಕೆ ನಂಬರು, ಶಾಯಿಯಲ್ಲೇ ಬರವಣಿಗೆ, ಹಾಳೆ ಹರಿಯುವಂತಿಲ್ಲ. ತಪ್ಪಾದರೆ ಅಳಿಸಬಾರದು, ಒಂದೇ ಗೆರೆ ಎಳೆದು, ಹೊಡೆದದ್ದು ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸಹಿ ಹಾಕಬೇಕು. ನನ್ನ ಈ ಡೈರಿಯಲ್ಲಿ ಆ ಕಾಟವಿಲ್ಲ. ಇಲ್ಲಿ ನಾನೇ ರಾಜ.

ಮುಂದೆ ಮರೆಯದಿರಲಿ ಎಂದು ಬರೆದಿಡುತ್ತೇನೆ. ಜಾಗ ಹಳೆಯ ಬೀಗದ ಕಾರ್ಖಾನೆ, ಮುಚ್ಚಿ ಹತ್ತೊಂಬತ್ತು ವರ್ಷ. ಅಲ್ಲಿನ ತೊಳೆಯುವ ಶೆಡ್ಡಿನಲ್ಲಿ ಎಣ್ಣೆ ಮೆತ್ತಿದ ಬೀಗದ ಭಾಗಗಳನ್ನು ಬುಟ್ಟಿಗೆ ತುಂಬಿ ಜಿಡ್ಡು ಕರಗಿಸುವ ಸಾಲ್ವೆಂಟಿನ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಿದ್ದರು. ಸೋರಿದ್ದು, ಚೆಲ್ಲಿದ್ದು ಎಲ್ಲ ನೆಲಕ್ಕಿಳಿದಿದೆ. ಅದು ನೀರಿಗಿಂತ ಭಾರ. ಹಾಗಾಗಿ ಒಂಬತ್ತು ಮೀಟರ್ ಆಳದ ಜೇಡಿಮಣ್ಣಿನ ಪದರದ ಮೇಲೆ, ಪಾತ್ರೆಯ ತಳದಲ್ಲಿ ಗಸಿ ನಿಂತ ಹಾಗೆ ನಿಂತಿದೆ. ಬರೀ ನೀರು ಬಿಟ್ಟರೆ ಜಪ್ಪಯ್ಯ ಎಂದರೂ ಕದಲುವುದಿಲ್ಲ. ಸ್ಪಿರಿಟ್ಟು ಬಿಟ್ಟರೆ ಕರಗಿ ಬರುತ್ತದೆ. ಶೆಡ್ಡಿನ ಈ ಬದಿಯ ನಾಲ್ಕು ಬಾವಿಗಳಿಂದ ಸ್ಪಿರಿಟ್ಟು ಒಳಗೆ, ಆ ಬದಿಯ ಮೂರರಿಂದ ವಿಷದ ಸಮೇತ ಹೊರಗೆ. ಜೇಡಿ ಪದರದ ಕೆಳಗಿರುವುದು ಎಂಟು ಬೀದಿಯವರು ಕುಡಿಯುವ ನೀರು, ನಮ್ಮ ಬೀದಿಯೂ ಸೇರಿ. ಪದರದಲ್ಲಿ ತೂತಿದ್ದರೆ ಗಂಡಾಂತರ, ಸ್ಪಿರಿಟ್ಟೇ ವಿಷವನ್ನು ಕೈಹಿಡಿದು ಕೆಳಗಿಳಿಸಿಬಿಡುತ್ತದೆ. ತೂತಿಲ್ಲ. ನಾನೇ ಸಹಿ ಹಾಕಿದ್ದೇನೆ.

ಕಾರ್ಖಾನೆಯ ನಕ್ಷೆಗಳು ಮಾಲೀಕರ ಜೊತೆಗೇ ಮಾಯವಾಗಿವೆ. ಇಂಥ ಕಡೆ ಇಬ್ಬರು ಹಳೆಯ ಕೆಲಸಗಾರರನ್ನು ಬೇರೆ ಬೇರೆಯಾಗಿ ಕೂರಿಸಿ ಕೇಳಬೇಕು ಎಂಬುದು ನಮ್ಮ ಕಂಪನಿಯ ಪದ್ಧತಿ. ನನಗೇನು ಕಷ್ಟ? ನನ್ನವಳು ಅದೇ ಶೆಡ್ಡಿನಲ್ಲಿ ಹನ್ನೊಂದು ವರ್ಷ ಇದ್ದವಳು, ಕೊನೆಗೆ ಆರು ಹೆಂಗಸರಿಗೆ ಮುಖ್ಯಸ್ಥೆ. ಎದುರುಮನೆ ಅಕ್ಕನೂ ಅಲ್ಲಿಯವರೇ. ಇಬ್ಬರನ್ನೂ ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂರಿಸಿದೆ, ಎರಡು ಲೋಟ ಚಹಾದಲ್ಲಿ ಕೆಲಸ ಮುಗಿಯಿತು. ನನ್ನವಳು ಗೆರೆ ಎಳೆದು ತೊಟ್ಟಿ ಎಲ್ಲಿ, ಮೋರಿ ಎಲ್ಲಿ ಎಂದು ತೋರಿಸಿದಳು. ಅಕ್ಕ ಅವಳ ಮುಖ ನೋಡಿ ನೋಡಿ ಹೂಂಗುಟ್ಟಿದರು. ಸಂಕೋಚದ ಹೆಂಗಸು, ಪಾಪ.

ಪಂಪು ನೋಡಿಕೊಳ್ಳುವವನು ನಮ್ಮ ಗಡಗಡ. ಮಾತೂ ಪಂಪಿನ ಹಾಗೆಯೇ, ಅದಕ್ಕೇ ಆ ಹೆಸರು. ಹದಿನೈದು ವರ್ಷದಿಂದ ನನ್ನ ಜೊತೆಗಿದ್ದಾನೆ. ನನ್ನನ್ನು ಅಣ್ಣ ಅನ್ನುತ್ತಾನೆ, ನನ್ನವಳನ್ನು ಅತ್ತಿಗೆ. ಒಂದು ಕಾಲಕ್ಕೆ ಕುಡಿದು ಮೋರಿಯಲ್ಲಿ ಬಿದ್ದಿರುತ್ತಿದ್ದ. ಬಿಟ್ಟು ಆರು ವರ್ಷವಾಯಿತು. ನೆಲಕ್ಕೆ ಇನ್ನೊಂದು ವಿಷ ಸೇರಬಾರದೆಂದು ನಾವು ತರಿಸಿರುವುದು ಏನೂ ಬೆರೆಸದ ಶುದ್ಧ ಸ್ಪಿರಿಟ್ಟು, ನೀರು ಹಾಕಿದರೆ ಕುಡಿಯಬಹುದು. ಅದಕ್ಕೆ ಬೀಗ, ಎರಡು ಕೀಲಿಕೈ. ಒಂದು ನನ್ನ ಹತ್ತಿರ, ಇನ್ನೊಂದು ಅವನ ಹತ್ತಿರ. ನಮ್ಮ ಮ್ಯಾನೇಜರ್ ಸಾಹೇಬರು ಹೌಹಾರಿದರು. "ಅವನ ಕೈಗೆ ಸ್ಪಿರಿಟ್ಟಿನ ಕೀಲಿನಾ? ತಲೆ ನೆಟ್ಟಗಿದೆಯೇನ್ರೀ?"

"ಅವನಿಗೆ ನಾನು ಜವಾಬ್ದಾರಿ ಸಾರ್," ಎಂದೆ. ಗಡಗಡ ಪಕ್ಕದಲ್ಲೇ ನಿಂತಿದ್ದ. ಕೀಲಿಕೈಯನ್ನು ಸೊಂಟದ ದಾರಕ್ಕೆ ಎರಡು ಗಂಟು ಹಾಕಿ ಕಟ್ಟಿಕೊಂಡ.

ಮಾರ್ಚ್ 6, ಗುರುವಾರ

ಬಂತು! ಮೂರನೇ ಬಾವಿಯಿಂದ ತೆಗೆದ ಸೀಸೆಯ ತಳದಲ್ಲಿ ಬೆರಳಷ್ಟು ದಪ್ಪ ಸಾಲ್ವೆಂಟು. ಗಡಗಡ ಸೀಸೆಯನ್ನು ಬಿಸಿಲಿಗೆ ಹಿಡಿದು ಕುಣಿದ. "ಅಣ್ಣ, ಕುಡಿದವರ ಹೊಟ್ಟೆಯಿಂದ ಗುಟ್ಟು ಬರೋ ಹಾಗೆ ಬರ್ತಿದೆ ನೋಡು. ನನಗೆ ಗೊತ್ತು ಈ ವಿದ್ಯೆ!" ಸೈಟೆಲ್ಲ ನಕ್ಕಿತು. ಇಡೀ ಜಾಗ ಹೆಂಡದಂಗಡಿಯಂತೆ ನಾರುತ್ತಿದೆ. ಮನೆಗೆ ಹೋದರೆ ನನ್ನವಳು ಅಂಗಿಯನ್ನು ಹೊರಗೇ ಬಿಚ್ಚಿಸುತ್ತಾಳೆ.

ಮಾರ್ಚ್ 12, ಬುಧವಾರ

ಲೆಕ್ಕ ಕೂಡುತ್ತಿಲ್ಲ. ಮೊದಲ ವಾರ ನೆಲ ಹೀರಿಕೊಳ್ಳುತ್ತದೆ, ಸರಿ. ಆದರೆ ಈಗ ಹೋದಷ್ಟು ಸ್ಪಿರಿಟ್ಟು ಬರಬೇಕಿತ್ತು. ಕಾಲು ಪಾಲು ಕಮ್ಮಿ. ನಮ್ಮ ಸೀಸೆಗಳನ್ನು ಪರೀಕ್ಷಿಸುವ ಲ್ಯಾಬಿನಮ್ಮ ಎರಡು ಸಲ ನೋಡಿದರಂತೆ. "ಬಾವಿಗೆ ಹೋಗ್ತಿರೋದೇ ನೀರಾಗಿದ್ರೆ, ಬರೋದೂ ನೀರೇ ಸಾರ್," ಎಂದರು ಫೋನಿನಲ್ಲಿ. ಏನೋ ಅರ್ಥವಿಟ್ಟು ಹೇಳಿದ ಹಾಗಿತ್ತು. ತಲೆಗೆ ಹಾಕಿಕೊಳ್ಳಲಿಲ್ಲ.

ಮಾರ್ಚ್ 14, ಶುಕ್ರವಾರ

ತಲೆಗೆ ಹಾಕಿಕೊಂಡೆ. ಮೀಟರು ತೋರಿಸುವುದು ಎಷ್ಟು ಹೋಯಿತು ಎಂದು ಮಾತ್ರ. ಅದರಲ್ಲಿ ಸ್ಪಿರಿಟ್ಟೆಷ್ಟು, ನೀರೆಷ್ಟು ಎಂದು ಬೆಳಿಗ್ಗೆ ಅಳೆದು ಚೀಟಿ ಬರೆಯುವವನು ಗಡಗಡ. ಬೆರೆಸುವವನೂ ಅವನೇ, ಅಳೆಯುವವನೂ ಅವನೇ, ಕೀಲಿಕೈಯೂ ಅವನ ಸೊಂಟದಲ್ಲೇ. ಸಾಹೇಬರು ಬಂದು ಚೀಟಿಗಳನ್ನು ತಿರುವಿ ಹಾಕಿದರು. ನನ್ನ ಮುಖ ನೋಡಿದರು ಅಷ್ಟೆ. ಆ ನೋಟಕ್ಕಿಂತ ಎರಡು ಬೈದಿದ್ದರೆ ಚೆನ್ನಾಗಿತ್ತು.

ಈಚೆಗೆ ಅವನ ಕಣ್ಣು ಕೆಂಪಗಿದೆ. ಮೊನ್ನೆ ಸುಮ್ಮಸುಮ್ಮನೆ ಹಾಡು ಗುನುಗುತ್ತಿದ್ದ. ಇದೆಲ್ಲ ನನಗೆ ಈಗ ಕಾಣಿಸುತ್ತಿದೆ.

ಮಾರ್ಚ್ 17, ಸೋಮವಾರ

ಇವತ್ತಿನದನ್ನು ನಡೆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಏಳಕ್ಕೆ ಎಲ್ಲರೂ ಪಂಪಿನ ಹತ್ತಿರ ನಿಂತಿದ್ದರು. ನಾನು ನೇರ ಹೋಗಿ ಕೇಳಿದೆ. "ಸ್ಪಿರಿಟ್ಟು ತೆಗೆದು ನೀರು ತುಂಬಿಸ್ತಿದ್ದೀಯೇನೋ?"

ಅವನು ನಕ್ಕ. "ಏನಣ್ಣ, ಬೆಳಿಗ್ಗೆ ಬೆಳಿಗ್ಗೆ ತಮಾಷೆ?"

"ತಮಾಷೆ ಅಲ್ಲ. ಬಾಯಿ ತೆಗಿ."

"ಅಣ್ಣ, ಎಲ್ರೂ ನೋಡ್ತಿದ್ದಾರೆ."

"ನೋಡ್ಲಿ. ತೆಗಿ ಬಾಯಿ."

ತೆಗೆದ. ನಾನು ಬಗ್ಗಿ ಮೂಸಿದೆ. ಬಂತು ವಾಸನೆ, ಸ್ಪಿರಿಟ್ಟಿನದೇ. ಅವನು ಬಾಯಿ ಮುಚ್ಚಿಕೊಂಡು ಕೇಳಿದ, "ಆಯ್ತಾ ಸಾರ್?"

ಹದಿನೈದು ವರ್ಷದಲ್ಲಿ ಅವನು ನನ್ನನ್ನು ಸಾರ್ ಅಂದದ್ದು ಇದೇ ಮೊದಲು. ಕೀಲಿಕೈ ಬಿಚ್ಚಿ ಡ್ರಮ್ಮಿನ ಮೇಲಿಟ್ಟ. ಟೋಪಿಯನ್ನು ಮೊಳೆಗೆ ನೇತುಹಾಕಿದ. ಹೊರಟೇಹೋದ. ಅಷ್ಟು ಮಾತಾಡುವವನು ಒಂದು ಮಾತಾಡಲಿಲ್ಲ, ಅದೇ ಸಾಕ್ಷಿಯಲ್ಲವೇ? ತಪ್ಪಿಲ್ಲದವನು ಕೂಗಾಡುತ್ತಿದ್ದ. ದಾಖಲೆ ಪುಸ್ತಕದಲ್ಲಿ ಬರೆದೆ: ಪಂಪು ಚಾಲಕನ ಬಾಯಲ್ಲಿ ಸ್ಪಿರಿಟ್ಟಿನ ವಾಸನೆ. ಕಳವಿನ ಶಂಕೆ. ಕೆಲಸದಿಂದ ತೆಗೆಯಲಾಗಿದೆ.

ನಂಬಿಸಿ ಕೈಕೊಟ್ಟನಲ್ಲ! ಆರು ವರ್ಷದ ಹಿಂದೆ ಅವನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದವನು ನಾನು.

ಸಂಜೆ ನನ್ನವಳಿಗೆ ಎಲ್ಲ ಹೇಳಿದೆ. ಅಯ್ಯೋ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ. "ಕಮ್ಮಿ ಬರ್ತಿರೋದು ಎಲ್ಲಾ ಬಾವಿಯಲ್ಲೂನಾ? ಇಲ್ಲ ತೊಟ್ಟಿ ಹಿಂದೆ ಇರೋದ್ರಲ್ಲಿ ಮಾತ್ರನಾ?" ತೊಟ್ಟಿ ಹಿಂದಿನದರಲ್ಲೇ ಕೊರತೆ ಜಾಸ್ತಿ, ನಿಜ. ಆದರೆ ಇವಳಿಗೇಕೆ ಆ ತಲೆಹರಟೆ? ನಾನು ಮನುಷ್ಯನ ವಿಷಯ ಹೇಳಿದರೆ ಇವಳು ಬಾವಿಯ ವಿಷಯ ಕೇಳುತ್ತಾಳೆ.

ಮಾರ್ಚ್ 18, ಮಂಗಳವಾರ

ನನ್ನ ಅಂಗಿಯೂ ನಾರುತ್ತದೆ. ಕೂದಲೂ ನಾರುತ್ತದೆ. ಅದು ಬೇರೆ ವಿಷಯ.

ಮಾರ್ಚ್ 20, ಗುರುವಾರ

ಮೂರು ದಿನದಿಂದ ನಾನೇ ಬೆರೆಸುತ್ತಿದ್ದೇನೆ, ನಾನೇ ಅಳೆಯುತ್ತಿದ್ದೇನೆ. ಎರಡು ಕೀಲಿಕೈಯೂ ನನ್ನ ಜೇಬಲ್ಲೇ. ಆದರೂ ಕಮ್ಮಿ. ನಿನ್ನೆ ಮೊದಲಿಗಿಂತಲೂ ಕಮ್ಮಿ.

ಮೀಟರು ಹಳೆಯದು. ಲ್ಯಾಬಿನಮ್ಮನಿಗೆ ಕೆಲಸದ ಮೇಲೆ ಗಮನವಿಲ್ಲ. ಪೈಪಿನ ಕೀಲುಗಳಲ್ಲಿ ಆವಿಯಾಗಿ ಹೋಗುತ್ತಿರಬಹುದು, ಬಿಸಿಲು ಬೇರೆ ಜಾಸ್ತಿ. ಪೈಪುಗಳನ್ನೆಲ್ಲ ಬಿಚ್ಚಿ ಕಟ್ಟಿಸಿದೆ.

ಮಾರ್ಚ್ 22, ಶನಿವಾರ

ಮೀಟರು ಬದಲಾಯಿಸಿದೆ. ಕಮ್ಮಿ.

ಮಧ್ಯಾಹ್ನ ಮನೆಗೆ ಬಂದರೆ ನನ್ನವಳಿಲ್ಲ. ಗಡಗಡನ ಮನೆಗೆ ಹೋಗಿದ್ದಳಂತೆ! ನನಗೆ ರೇಗಿಹೋಯಿತು. "ಕಳ್ಳನ ಮನೆಗೆ ಹೋಗಿ ಕೂತು ಬಂದೆಯಾ? ನನ್ನ ಮರ್ಯಾದೆ ಏನಾಗಬೇಕು?" ಎಂದು ಕೂಗಾಡಿದೆ. ಅವಳು ಕೈ ತೊಳೆದುಕೊಂಡಳು, ಮತ್ತೆ ತೊಳೆದುಕೊಂಡಳು. ಊಟಕ್ಕೂ ಕೂರಲಿಲ್ಲ.

ಮಾರ್ಚ್ 24, ಸೋಮವಾರ

ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತಿದ್ದೆ. "ರೀ, ಸ್ವಲ್ಪ ಕೂತ್ಕೊಳ್ಳಿ," ಎಂದಳು. ಕೂತೆ.

"ತೊಟ್ಟಿ ಹಿಂದೆ ಒಂದು ಹಳೇ ಬೋರಿತ್ತು."

"ಯಾವ ಬೋರು?"

"ಬತ್ತಿದ್ದು. ಕಬ್ಬಿಣದ ಮುಚ್ಚಳ ಇತ್ತು. ಶನಿವಾರ ಶನಿವಾರ ತೊಟ್ಟಿ ತಳದ ಬಗ್ಗಡಾನೆಲ್ಲ ಅದಕ್ಕೆ ಸುರೀತಿದ್ವಿ. ಮೇಲಿನವರು ಹೇಳಿದ್ರು, ನಾನು ಹೆಂಗಸರ ಕೈಲಿ ಮಾಡಿಸ್ತಿದ್ದೆ. ಕಾರ್ಖಾನೆ ಮುಚ್ಚೋ ಮುಂಚೆ ಅದರ ಮೇಲೆ ಕಾಂಕ್ರೀಟು ಹಾಕಿಸಿದ್ರು."

ಬೋರೆಂದರೆ ಜೇಡಿ ಪದರವನ್ನು ಸೀಳಿಕೊಂಡು ಹೋದ ಕೊಳವೆ. ಇಷ್ಟು ವರ್ಷ ಅದರ ಬಾಯನ್ನು ಗ್ರೀಸು, ಮಸಿ, ಬಗ್ಗಡ ಗಟ್ಟಿಯಾಗಿ ಮುಚ್ಚಿಕೊಂಡಿತ್ತು. ನಾನು ಸ್ಪಿರಿಟ್ಟು ಬಿಟ್ಟೆ. ನಾನು ಅದನ್ನು ಚೆನ್ನಾಗಿ ತೊಳೆದೆ.

"ಮೇಜಿನ ಮುಂದೆ ಕೂತು ನಕ್ಷೆ ಬರೆದುಕೊಟ್ಟೆಯಲ್ಲೇ! ಆಗ ಹೇಳೋಕೆ ಏನಾಗಿತ್ತು ನಿನಗೆ?"

"ನಮ್ಮಲ್ಲಿ ಒಬ್ಬಳು ಲಿವರ್ ಕೆಟ್ಟು ಸತ್ತಳಲ್ಲ, ಅವಳ ಮಕ್ಕಳು ಈಗಲೂ ನನ್ನ ದೊಡ್ಡಮ್ಮ ಅಂತಾರೆ. ವಾರ ವಾರ ಆ ಹೊಗೆಯಲ್ಲಿ ನಿಂತು ಸುರೀತಿದ್ದೋಳು ಅವಳು, ನಿಲ್ಲಿಸ್ತಿದ್ದೋಳು ನಾನು. ಅವಳ ಮಣ್ಣಿಗೆ ಹೋಗಿ ಬಂದ ದಿನ ಉಳಿದ ಐದು ಜನಾನೂ ನಾನೂ ಮಾತು ಕೊಟ್ಕೊಂಡ್ವಿ, ಯಾರೂ ಬಾಯಿ ಬಿಡಬಾರದು ಅಂತ."

"ನಾನು ನಿನ್ನ ಗಂಡ ಕಣೇ!"

"ನೀವು ಗಂಡ ಆಗಿ ಕೇಳ್ಲಿಲ್ಲ. ಕಾಗದ ಪೆನ್ನು ಹಿಡ್ಕೊಂಡು ಕೇಳಿದ್ರಿ."

"ಮತ್ತೆ ಈಗ್ಯಾಕೆ ಹೇಳ್ತಿದ್ದೀಯ?"

"ಅವನು ಕುಡಿದಿಲ್ಲ ರೀ. ಶನಿವಾರ ನೋಡಿದೆನಲ್ಲ, ಗೋಡೆ ನೋಡ್ತಾ ಕೂತಿದ್ದಾನೆ. ಇನ್ನೊಂದು ವಾರ ಹಾಗೇ ಬಿಟ್ರೆ ಕುಡೀತಾನೆ. ಒಬ್ಬಳು ಹೋಗಿದ್ದು ಸಾಕು ನನಗೆ."

ಇಪ್ಪತ್ತನಾಲ್ಕು ವರ್ಷದ ಸಂಸಾರ. ಮದುವೆಯಾದ ಹೊಸತರಲ್ಲಿ ಶನಿವಾರ ಸಂಜೆ ಬಂದವಳೇ ಕೈ ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು. ಎಂಥಾ ಶುಚಿ ಎಂದು ನಾನು ಹೆಮ್ಮೆಪಡುತ್ತಿದ್ದೆ. ನನ್ನ ಕಣ್ಣಿಗೆ ಮಣ್ಣೆರಚಿದ್ದು ಹೊರಗಿನವರಲ್ಲ, ಮನೆಯೊಳಗಿನವಳು. ಇನ್ನೇನು ಬರೆಯಲಿ?

ಪಂಪು ನಿಲ್ಲಿಸಲು ಫೋನು ಮಾಡಿ ಹೊರಟೆ.

ಮಾರ್ಚ್ 25, ಮಂಗಳವಾರ

ಕಾಂಕ್ರೀಟು ಒಡೆಸಿದೆ. ಅವಳು ಹೇಳಿದ ಜಾಗದಲ್ಲೇ ಮುಚ್ಚಳವಿತ್ತು. ಹಗ್ಗಕ್ಕೆ ಗುಂಡು ಕಟ್ಟಿ ಇಳಿಬಿಟ್ಟೆವು. ಒಂಬತ್ತು ಮೀಟರು ದಾಟಿತು, ಹನ್ನೆರಡು ದಾಟಿತು, ಇಪ್ಪತ್ತೆರಡಕ್ಕೆ ನಿಂತಿತು. ಮೇಲೆ ಬಂದ ಹಗ್ಗದಲ್ಲಿ ಸ್ಪಿರಿಟ್ಟಿನ ಘಾಟು.

ಸೈಟಿಗೂ ಊರ ಬಾವಿಗೂ ನಡುವೆ ನಮ್ಮ ಕಾವಲು ಬಾವಿಯಿದೆ, ವಿಷ ಬಂದರೆ ಮೊದಲು ಅಲ್ಲಿ ಗೊತ್ತಾಗಲೆಂದು. ಸಂಜೆ ನಾಲ್ಕಕ್ಕೆ ಲ್ಯಾಬಿನಮ್ಮ ಫೋನು ಮಾಡಿದರು. ಸ್ಪಿರಿಟ್ಟಿದೆ, ಜೊತೆಗೆ ಸಾಲ್ವೆಂಟೂ ಇದೆ. ಐದಕ್ಕೆ ಊರ ಬಾವಿಗೆ ಬೀಗ ಬಿತ್ತು. ಎಂಟು ಬೀದಿಗೂ ನಾಳೆಯಿಂದ ಟ್ಯಾಂಕರು ನೀರು. ಇನ್ನೂರು ಮೀಟರು ದಾಟಿ ಊರ ಬಾವಿಗೆ ಸೇರುವ ಮೊದಲು ಇದನ್ನು ಹಿಂದಕ್ಕೆಳೆಯಬೇಕು. ಅದಕ್ಕೆ ಈ ಹಾಳು ಬೋರಿಗೇ ಪಂಪಿಳಿಸಿ ದಿನವೂ ಬೆಳಿಗ್ಗೆಯಿಂದ ಸಂಜೆಯವರೆಗೆ ಎತ್ತಬೇಕು.

ಸಾಹೇಬರು ಕೇಳಿದರು, "ಹಳೆ ಕೆಲಸಗಾರರನ್ನ ಕೇಳಿದ್ರಲ್ಲ, ಇಬ್ಬರನ್ನೂ?"

"ಕೇಳಿದ್ದೆ ಸಾರ್. ಇಬ್ಬರೂ ಮುಚ್ಚಿಟ್ಟರು."

ಇದರಲ್ಲಿ ಸುಳ್ಳೇನಿದೆ? ಕೇಳಿದ್ದು ನಿಜ, ಮುಚ್ಚಿಟ್ಟದ್ದೂ ನಿಜ.

ಬೋರು ಅಗೆಯುವಾಗ ಆಕಸ್ಮಿಕವಾಗಿ ಸಿಕ್ಕಿತೆಂದು ಬರೆಯಬಹುದಿತ್ತು. ಬೆಳಿಗ್ಗೆ ಅವಳಿಗೆ ಹಾಗೆ ಅಂದೂ ಇದ್ದೆ, ಎಷ್ಟಾದರೂ ಮನೆಯ ಮಾನ. ಅವಳು ಬೇಡ ಅಂದಳು. "ಆ ಪುಸ್ತಕದಲ್ಲಿ ಅವನ ವಿಷಯ ಬರೆದಿದ್ದೀರಲ್ಲ? ಈಗ ನನ್ನದೂ ಬರೀರಿ." ಬರೆದೆ. ತೊಳೆಯುವ ಶೆಡ್ಡಿನ ಮಾಜಿ ಮುಖ್ಯಸ್ಥೆ ಬೋರಿನ ವಿಷಯ ಮರೆಮಾಚಿದ್ದರು ಎಂದು, ಅಕ್ಷರ ದುಂಡಗೆ.

ಮಾರ್ಚ್ 27, ಗುರುವಾರ

ಸುದ್ದಿ ಬೀದಿಗೆ ಬಂದಿದೆ. ಟ್ಯಾಂಕರಿನ ಸಾಲಿನಲ್ಲಿ ಅವಳ ಹಿಂದೆ ಮುಂದೆ ಒಂದೊಂದು ಮಾರು ಜಾಗ ಬಿಟ್ಟು ನಿಂತಿದ್ದರು. ಎದುರುಮನೆ ಅಕ್ಕ ಕೊಡ ಹಿಡಿದು ಇವಳನ್ನು ನೋಡಿಯೂ ನೋಡದ ಹಾಗೆ ಆಕಾಶ ನೋಡುತ್ತಿದ್ದರು. "ನೀರಿಗೆ ವಿಷ ಹಾಕಿದೋಳಿಗೂ ನೀರು ಬೇಕಂತೆ," ಎಂದಿತು ಯಾವುದೋ ಗಂಟಲು. ಅನುಭವಿಸಲಿ ಅಂದುಕೊಂಡೆ. ಮಾಡಿದ್ದಕ್ಕೆ ಅನುಭವಿಸಬೇಡವೇ?

ಕೊಡ ಭಾರವಿತ್ತು. ಅವಳಿಗೆ ಮೊದಲೇ ಮೊಣಕಾಲು ನೋವು. ನಾನೇ ಹೊತ್ತುಕೊಂಡು ಬಂದೆ.

ಮಾರ್ಚ್ 29, ಶನಿವಾರ

ಕಂಪನಿ ಕಳಿಸಿದ ಹೊಸ ಪಂಪಿನವನು ಎರಡು ಪಂಪು ಸುಟ್ಟ. ಬೋರಿನ ಕೊಳವೆ ಸಣ್ಣದು, ಬಗ್ಗಡ ಬಂದು ಬಂದು ಕಟ್ಟಿಕೊಳ್ಳುತ್ತದೆ. ಸದ್ದು ಕೇಳಿಯೇ ಎಲ್ಲಿ ಕಟ್ಟಿದೆ ಎಂದು ಹೇಳಬಲ್ಲವನು ಒಬ್ಬನೇ. ಸಾಹೇಬರು ನನ್ನ ಮುಖ ನೋಡದೆ, "ಕರ್ಕೊಂಡು ಬನ್ನಿ," ಎಂದರು.

ಹೋದೆ. ಅವನ ಹೆಂಡತಿ ಬಾಗಿಲು ತೆಗೆದು ಒಳಗೆ ಹೋದಳು. ಅವನು ಕಿಟಕಿಯ ಕೆಳಗೆ ಕೂತು ಮಗಳ ಮುರಿದ ಕೊಡೆ ಸರಿಮಾಡುತ್ತಿದ್ದ.

"ಬನ್ನಿ ಸಾರ್, ಕೂತ್ಕೊಳ್ಳಿ."

"ಸಾರ್ ಅನ್ಬೇಡ್ವೋ."

"ಮತ್ತೇನನ್ಲಿ ಸಾರ್?"

ತಪ್ಪಾಯಿತು ಅಂದೆ. ಗೊತ್ತು, ಅತ್ತಿಗೆ ಫೋನು ಮಾಡಿ ಎಲ್ಲ ಹೇಳಿದ್ದಾರೆ ಅಂದ. ಅತ್ತಿಗೆ ಮಾತ್ರ ಇನ್ನೂ ಅತ್ತಿಗೆಯೇ! ನನಗೆ ತಡೆಯಲಾಗಲಿಲ್ಲ.

"ನಿನಗೂ ಮೋಸ ಮಾಡಿದ್ದು ಅವಳೇ ಕಣೋ. ನನಗೂ ಅವಳೇ. ನಾವಿಬ್ಬರೂ ಒಂದೇ ಕಡೆ."

ಅವನು ಕೊಡೆಯ ಕಡ್ಡಿಗೆ ದಾರ ಸುತ್ತುತ್ತಲೇ ಇದ್ದ. "ಅತ್ತಿಗೆ ನನ್ನ ಬಾಯಿ ಮೂಸ್ಲಿಲ್ಲ ಸಾರ್."

ದಾರ ಕಡಿದು ಗಂಟು ಹಾಕಿ ಅವನೇ ಅಂದ. "ನಮ್ಮ ಮನೆಗೂ ಅದೇ ನೀರು. ಸೋಮವಾರ ಬರ್ತೀನಿ." ನಾನು ಮೆಟ್ಟಿಲಿಳಿಯುವಾಗ ಅವನ ಮಗಳು ಒಳಗಿನಿಂದ, "ದೊಡ್ಡಪ್ಪ ಯಾಕೆ ಚಹಾ ಕುಡೀಲಿಲ್ಲ?" ಎಂದು ಕೇಳುತ್ತಿದ್ದಳು. ಚಹಾ ಕೊಟ್ಟಿರಲಿಲ್ಲ.

ಮಾರ್ಚ್ 31, ಸೋಮವಾರ

ಏಳಕ್ಕೆ ಸರಿಯಾಗಿ ಬಂದ. ಮೊಳೆಯ ಮೇಲೆ ಅವನ ಟೋಪಿ ಹಾಗೇ ಇತ್ತು, ಧೂಳು ಕೊಡವಿ ಹಾಕಿಕೊಂಡ. ಪಂಪಿನ ಹತ್ತಿರ ಹೋಗುತ್ತಾನೆ ಅಂದುಕೊಂಡರೆ ನೇರ ನನ್ನ ಹತ್ತಿರ ಬಂದು, ಟೋಪಿ ತೆಗೆದು, ಬಾಯಿ ತೆರೆದು ನಿಂತ. ಆಕಳಿಸುತ್ತಿದ್ದಾನೇನೋ ಅಂದುಕೊಂಡೆ.

"ಮೂಸಿ ಸಾರ್. ಆಮೇಲೆ ಪಂಪು ಮುಟ್ತೀನಿ."

"ಏ, ಬೇಡ್ವೋ. ಹೋಗೋ ಕೆಲಸ ನೋಡು."

ಹೋಗಲಿಲ್ಲ. ಎಲ್ಲರೂ ನೋಡುತ್ತಿದ್ದರು. ಬೋರು ಕಾಯುತ್ತಿತ್ತು, ಪ್ರತಿ ಗಳಿಗೆಯೂ ಆ ವಿಷ ಒಂದಿಷ್ಟು ಮುಂದೆ ಹೋಗುತ್ತಿತ್ತು. ಮೂಸಿದೆ. ಹಲ್ಲುಪುಡಿಯ ವಾಸನೆ.

"ಆಯ್ತಾ ಸಾರ್?" ಎಂದು ಟೋಪಿ ಹಾಕಿಕೊಂಡು ಹೋದ. ಹತ್ತೇ ನಿಮಿಷಕ್ಕೆ ಪಂಪು ಹಿಡಿಯಿತು, ಸಂಜೆಯವರೆಗೆ ಒಮ್ಮೆಯೂ ನಿಲ್ಲಲಿಲ್ಲ.

ಏಪ್ರಿಲ್ 3, ಗುರುವಾರ

ದಿನಾ. ಏಳು ಗಂಟೆಗೆ ದಿನಾ. ಕೋಪವಿದ್ದರೆ ಬೈಯಲಿ, ನಾಲ್ಕು ಬಾರಿಸಲಿ. ಇದೇನಿದು?

ಅವಳಿಗೆ ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಟ್ಟೆ. "ನೀವು ಮೂಸಿದ್ರಾ?" ಎಂದು ಕೇಳಿದಳು. ಹೂಂ ಅಂದೆ. ಅವಳು ಎರಡು ತಟ್ಟೆ ಇಟ್ಟಳು. ಹತ್ತು ದಿನದ ಮೇಲೆ ಮೊದಲ ಸಲ ಇಬ್ಬರೂ ಒಂದೇ ಹೊತ್ತಿಗೆ ಊಟಕ್ಕೆ ಕೂತೆವು, ಅದೇ ಮೇಜಿನ ಮುಂದೆ. ಅವಳು ಈ ಕಡೆ, ನಾನು ಆ ಕಡೆ. ಆ ದಿನ ಅಕ್ಕ ಕೂತಿದ್ದ ಕುರ್ಚಿ ನಡುವೆ ಖಾಲಿ ಇತ್ತು. ಒಬ್ಬೊಬ್ಬರನ್ನೇ ಕೇಳಿದ್ದರೆ ಅಕ್ಕ ಖಂಡಿತ ಹೇಳಿಬಿಡುತ್ತಿದ್ದರು. ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವೆಂದು ಬೀದಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು.

ಏಪ್ರಿಲ್ 8, ಮಂಗಳವಾರ

ಕಾವಲು ಬಾವಿಯಲ್ಲಿ ಸ್ಪಿರಿಟ್ಟು ಇಳಿಯುತ್ತಿದೆ. ಸಾಲ್ವೆಂಟು ಮಿತಿಗಿಂತ ಕೆಳಗೆ. ಊರ ಬಾವಿ ಮೊದಲಿನಿಂದ ಇವತ್ತಿನವರೆಗೂ ಶುದ್ಧ. ಲ್ಯಾಬಿನಮ್ಮ ಫೋನಿನಲ್ಲಿ ಅತ್ತರು. ಗಡಗಡನಿಗೆ ಕೂಗಿ ಹೇಳಿದೆ. "ಸರಿ ಸಾರ್," ಎಂದ.

ನನ್ನವಳ ಮೊಣಕಾಲಿಗೆ ಪಟ್ಟಿ ತಂದೆ. ಸಾಲಿನಲ್ಲಿ ನಾನೇ ನಿಲ್ಲುತ್ತಿದ್ದೇನೆ ಈಗ.

ಏಪ್ರಿಲ್ 12, ಶನಿವಾರ

ಕಾವಲು ಬಾವಿ ಎರಡನೇ ಸಲವೂ ಪಾಸು. ಇನ್ನೊಂದು ಸಲ ಹೀಗೇ ಬಂದರೆ ಊರ ಬಾವಿಯ ಬೀಗ ತೆಗೆಯುತ್ತಾರೆ. ಇವತ್ತು ಮನಸ್ಸು ಗಟ್ಟಿ ಮಾಡಿಕೊಂಡು ದಾಖಲೆ ಪುಸ್ತಕವನ್ನು ಪಂಪಿನ ಹತ್ತಿರ ತೆಗೆದುಕೊಂಡು ಹೋದೆ. ಮಾರ್ಚ್ ಹದಿನೇಳರ ಪುಟ ತೆರೆದು, ಅವನ ಕಣ್ಣೆದುರಿಗೇ ಸ್ಕೇಲು ಇಟ್ಟು ಗೆರೆ ಎಳೆದೆ. ಶಂಕೆ ತಪ್ಪು, ಸ್ಪಿರಿಟ್ಟು ಹಳೆಯ ಬೋರಿಗೆ ಇಳಿಯುತ್ತಿತ್ತು ಎಂದು ಪಕ್ಕದಲ್ಲಿ ಬರೆದು ಸಹಿ ಹಾಕಿದೆ. ಪೆನ್ನು ಕೈಯಲ್ಲಿತ್ತಲ್ಲ, ಹಾಗೇ ಇಪ್ಪತ್ತೈದರ ಪುಟವನ್ನೂ ತೆರೆದು, ಇಬ್ಬರನ್ನೂ ಒಂದೇ ಮೇಜಿನಲ್ಲಿ ಕೂರಿಸಿ ಕೇಳಿದವನು ನಾನು ಎಂದು ಕೆಳಗೆ ಸೇರಿಸಿದೆ. ಸಾಹೇಬರು ಸೋಮವಾರ ನೋಡುತ್ತಾರೆ. ನೋಡಲಿ.

ಗಡಗಡ ಕೈ ಒರೆಸಿಕೊಂಡು ಬಂದ. ಹೊಡೆದ ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ.

"ಇನ್ನೂ ಓದೋಕೆ ಬರುತ್ತಲ್ಲ ಸಾರ್."

"ಹೂಂ."

"ಪೂರ್ತಿ ಅಳಿಸೋಕೆ ಆಗಲ್ವಾ?"

"ಆಗಲ್ಲ. ಒಂದೇ ಗೆರೆ ಎಳೆಯಬೇಕು. ಹೊಡೆದದ್ದು ಕಾಣೋ ಹಾಗಿರಬೇಕು. ಅದು ನಿಯಮ."

ಅವನು ಬೆರಳು ತೆಗೆದ. "ಒಳ್ಳೆ ನಿಯಮ ಸಾರ್," ಎಂದು ಪಂಪಿಗೆ ಎಣ್ಣೆ ಬಿಡಲು ಹೋದ.

ಏಪ್ರಿಲ್ 14, ಸೋಮವಾರ

ಗೆರೆ ಎಳೆದಾಯಿತಲ್ಲ, ಇವತ್ತು ಸುಮ್ಮನೆ ಪಂಪಿನ ಕಡೆ ಹೋಗುತ್ತಾನೆ ಅಂದುಕೊಂಡಿದ್ದೆ. ಮಗಳ ಕೊಡೆಯ ವಿಷಯ ಕೇಳಬೇಕೆಂದೂ ಇತ್ತು. ಐದು ನಿಮಿಷ ತಡವಾಗಿ ಹೋದೆ. ಅವನು ನನ್ನ ಕೋಣೆಯ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಪಂಪು ಇನ್ನೂ ಶುರುವಾಗಿರಲಿಲ್ಲ. ಈಗ ಯಾರೂ ತಿರುಗಿ ನೋಡುವುದಿಲ್ಲ, ಅಭ್ಯಾಸವಾಗಿದೆ. ನಾನು ಹತ್ತಿರ ಹೋದೆ, ಬಾಯಿ ತೆರೆದ, ಮೂಸಿದೆ.

"ಆಯ್ತಾ ಸಾರ್?"

"ಆಯ್ತು."

ಸಂಜೆ ನನ್ನವಳು ಕೇಳಿದಳು, ಇವತ್ತೂನಾ ಎಂದು. ಇವತ್ತೂ ಎಂದೆ. ಅಲಾರಂ ಅರ್ಧ ಗಂಟೆ ಬೇಗ ಇಡಲು ಹೇಳಿದ್ದೇನೆ. ನಾಳೆಯಿಂದ ಏಳಕ್ಕೆ ಮುಂಚೆಯೇ ಹೋಗಿ ನಿಂತಿರಬೇಕು, ಅವನು ನನಗಾಗಿ ಕಾಯುವ ಹಾಗೆ ಆಗಬಾರದು.